ಕಪ್ಪು ಹೊಗೆ ಕಂಡ ಕೂಡಲೇ ಪಂಪು ಬಿಚ್ಚಬೇಡಿ

ಸಂಕ್ರಾಂತಿ ಆಗಿ ನಾಲ್ಕು ದಿನಕ್ಕೆ ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಬೈಕಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಮುಳಬಾಗಿಲಿನ ನಮ್ಮ ಶೆಡ್ಡಿಗೆ ಬಂದ. ಈ ಕಾಲದಲ್ಲಿ ಚೀಲ ಅಂದರೆ ಅವರೆಕಾಯಿ ಇರಬೇಕು ಅಂತ ಆಸೆಪಟ್ಟೆ. ಬಿಚ್ಚಿದರೆ ಟ್ರ್ಯಾಕ್ಟರ್ ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪು.

"ಅಣ್ಣ, ಟ್ರ್ಯಾಕ್ಟರು ಕರ್ರಗೆ ಹೊಗೆ ಬಿಡ್ತಾ ಐತೆ. ಪಂಪು ಬಿಚ್ಕೊಂಡೇ ಬಂದಿದೀನಿ. ಬೆಂಗಳೂರಿಗೆ ಕಳಿಸಿ ಟೆಸ್ಟ್ ಮಾಡೋ ಬೆಂಚಿಗೆ ಹಾಕಿಸ್ಕೊಡಿ."

"ಏರ್ ಕ್ಲೀನರ್ ನೋಡಿದ್ಯೇನಪ್ಪಾ?"

"ಹೊಸ ಫಿಲ್ಟರ್ ಹಾಕಿ ತಿಂಗಳೂ ಆಗಿಲ್ಲಣ್ಣ."

ಪಂಪನ್ನು ಚೀಲದಲ್ಲೇ ಬಿಟ್ಟು ಅವನ ಬೈಕು ಹತ್ತಿದೆ.

ನಮ್ಮ ಕಡೆ ಇದೊಂದು ಚಾಳಿ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಡೀಸೆಲ್ ಪಂಪು ಮಾಡುವ ಮೈಕೋ ಕಂಪನಿ ಶುರುವಾಯಿತು. ಆಮೇಲೆ ಯಾವ ಕಂಪನಿಯದ್ದಾದರೂ ಸರಿ, ನಮ್ಮ ಜನಕ್ಕೆ ಅದು 'ಮೈಕೋ ಪಂಪು'. ಹೊಗೆ ಬಂದರೆ ಮೈಕೋ ಪಂಪು ಹೋಗಿದೆ, ಎಳೆತ ಇಲ್ಲದಿದ್ದರೆ ಮೈಕೋ ಪಂಪು ಹೋಗಿದೆ. ಕಪ್ಪು ಹೊಗೆ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ನಿಜವಾಗಿ ಪಂಪು ಕೆಟ್ಟಿದ್ದವನ್ನು ಬೆರಳು ಮಡಿಸಿ ಎಣಿಸಬಹುದು.

ನಾನು ಈ ಕೆಲಸ ಕಲಿತದ್ದು ಹೊಲದಲ್ಲಲ್ಲ, ಕಡಲ ದಂಡೆಯಲ್ಲಿ. ಐಟಿಐ ಮುಗಿಸಿ, ಮೀನಿನ ಲಾರಿ ಓಡಿಸುತ್ತಿದ್ದ ಮಾವನ ಜೊತೆ ಮಲ್ಪೆಗೆ ಹೋದವನು ಹನ್ನೊಂದು ವರ್ಷ ಬೋಟಿನ ಎಂಜಿನ್ ರಿಪೇರಿ ಮಾಡಿಕೊಂಡಿದ್ದೆ. ನಡುವೆ ಒಂದು ವರ್ಷ ಕೊಚ್ಚಿಯಲ್ಲಿದ್ದೆ. ಬೋಟಿನ ಹೊಟ್ಟೆಯೊಳಗೆ ಕೂತ ಎಂಜಿನ್ನಿಗೂ ಹೊಲ ಉಳುವ ಎಂಜಿನ್ನಿಗೂ ಹೊಗೆಯ ಲೆಕ್ಕ ಒಂದೇ. ಅಲ್ಲಿ ನಮ್ಮ ಹೆಡ್ ಮೆಕ್ಯಾನಿಕ್ಕು ತುಳುವಿನಲ್ಲಿ ಒಂದೇ ಮಾತು ಹೇಳುತ್ತಿದ್ದರು: "ಸುರುಟು ಗಾಳಿ ತೂಲ." ಮೊದಲು ಗಾಳಿ ನೋಡು ಅಂತ.

ಅದಕ್ಕೆ ಕಾರಣ ಇದೆ. ಕಪ್ಪು ಹೊಗೆ ಅಂದರೆ ಪೂರ್ತಿ ಉರಿಯದೆ ಉಳಿದ ಡೀಸೆಲಿನ ಮಸಿ. ಒಳಗೆ ಹೋದ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ, ಅಷ್ಟೇ ಅದರ ಅರ್ಥ. ಎಷ್ಟು ಗಾಳಿ ಬೇಕು ಗೊತ್ತಾ? ಒಂದು ಲೀಟರ್ ಡೀಸೆಲ್ ಉರಿಯೋಕೆ ಕಮ್ಮಿಯೆಂದರೂ 12 ಕೆಜಿ ಗಾಳಿ ಬೇಕು, ಅಂದರೆ ಹತ್ತಿರ ಹತ್ತಿರ 10,000 ಲೀಟರು. 200 ಲೀಟರಿನ ಡ್ರಮ್ಮಿನಲ್ಲಿ ಅಳೆದರೆ 50 ಡ್ರಮ್ಮು. ಹೊಗೆ ಇಲ್ಲದೆ ಉರಿಯಬೇಕಾದರೆ ಅದಕ್ಕಿಂತಲೂ ಜಾಸ್ತಿಯೇ ಬೇಕು. ಗಂಟೆಗೆ ಆರು ಲೀಟರ್ ಕುಡಿಯುವ ಟ್ರ್ಯಾಕ್ಟರು 300 ಡ್ರಮ್ಮಿಗಿಂತ ಹೆಚ್ಚು ಗಾಳಿಯನ್ನು ಒಂದು ರಬ್ಬರ್ ಹೋಸಿನೊಳಗಿಂದ ಎಳೆದುಕೊಳ್ಳಬೇಕು. ಆ ದಾರಿಯಲ್ಲಿ ಸ್ವಲ್ಪ ಅಡ್ಡ ಬಂದರೂ ಸಾಕು.

ಇನ್ನೊಂದು ವಿಷಯ ಮಲ್ಪೆಯಿಂದ ಊರಿಗೆ ವಾಪಸ್ಸು ಬಂದ ಮೇಲೇ ನನಗೆ ತಲೆಗೆ ಹೋದದ್ದು. ಕೋಲಾರ ಜಿಲ್ಲೆಯ ನಮ್ಮ ನೆಲ ಸಮುದ್ರ ಮಟ್ಟಕ್ಕಿಂತ 800 ಮೀಟರ್ ಮೇಲಿದೆ. ಇಲ್ಲಿ ಗಾಳಿಯೇ ನೂರಕ್ಕೆ ಏಳೆಂಟು ಭಾಗ ತೆಳು. ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇಲ್ಲದ ಎಂಜಿನ್ನು ಮಲ್ಪೆಯಲ್ಲಿ ತಡೆದುಕೊಳ್ಳುವಷ್ಟು ಕೊಳಕು ಫಿಲ್ಟರನ್ನು ಮುಳಬಾಗಿಲಿನಲ್ಲಿ ತಡೆದುಕೊಳ್ಳಲ್ಲ.

ಸ್ಪ್ಯಾನರ್ ಮುಟ್ಟುವ ಮುಂಚೆ ಹತ್ತು ನಿಮಿಷ ಸುಮ್ಮನೆ ನಿಂತು ಹೊಗೆ ನೋಡಿ. ಮೊದಲು ಬಣ್ಣ. ಬಿಳಿ ಹೊಗೆ ಬೇರೆ ಜಾತಿ. ಅದು ಉರಿಯದೆ ಆವಿಯಾದ ಡೀಸೆಲು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿ ಒಳಗೆ ಸೇರಿದ ನೀರು. ನೀಲಿ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪೋ ನೀಲಿಯೋ ಅನುಮಾನ ಬಂದರೆ ಕೋಲಿನ ತುದಿಗೆ ಹಳೆಯ ಬಿಳಿ ಪಂಚೆ ತುಂಡು ಕಟ್ಟಿ ಸೈಲೆನ್ಸರ್ ಬಾಯಿಗೆ ಅರ್ಧ ನಿಮಿಷ ಹಿಡಿಯಿರಿ. ಕೊಡವಿದರೆ ಉದುರುವ ಒಣ ಮಸಿ ಆದರೆ ಕಪ್ಪು ಹೊಗೆ. ಕೈಗೆ ಜಿಡ್ಡು ಅಂಟಿದರೆ ಆಯಿಲ್ಲು. ಬೋಟಿನಲ್ಲಿ ಬಟ್ಟೆ ಬೇಡ, ಹಿಂಭಾಗದ ಹಲಗೆಗೆ ಮಸಿ ಮೆತ್ತಿಕೊಂಡಿರುತ್ತೆ, ನೀರಿನ ಮೇಲೂ ಕರಿ ಪುಡಿ ತೇಲುತ್ತೆ. ನೀರ ಮೇಲೆ ಕಾಮನಬಿಲ್ಲು ಕಂಡರೆ ಅದು ಉರಿಯದ ಡೀಸೆಲ್ಲು.

ಆಮೇಲೆ ಯಾವಾಗ ಬರುತ್ತೆ ನೋಡಿ. ಆಕ್ಸಿಲರೇಟರ್ ಒಮ್ಮೆಲೇ ಒತ್ತಿದಾಗ ಒಂದು ಬುಸ್ ಬಂದು ನಿಂತರೆ ಅದು ರೋಗವಲ್ಲ. ಒತ್ತಿದ ತಕ್ಷಣ ಡೀಸೆಲ್ ಹೋಗುತ್ತೆ, ಗಾಳಿ ಸೇರಿಕೊಳ್ಳಲು ಒಂದು ಗಳಿಗೆ ಬೇಕು. ಟರ್ಬೊ ಗಾಡಿಯಲ್ಲಿ ಇದು ಇನ್ನೂ ಸಹಜ. ಕೆಲಸ ಮಾಡುವಾಗ ಬಿಡದೆ ಬಂದರೆ, ಅದೇ ಲೋಡು ಅದೇ ಗೇರಿನಲ್ಲಿ ಹೋದ ವರ್ಷ ಬಾರದೆ ಇದ್ದದ್ದು ಈ ವರ್ಷ ಬಂದರೆ, ಆಗ ಹುಡುಕಬೇಕು.

ಮೂರನೆಯದು ಎಳೆತ. ನನ್ನ ಮಟ್ಟಿಗೆ ಇದೇ ಮುಖ್ಯ, ಇದನ್ನೇ ಯಾರೂ ಕೇಳಿಕೊಳ್ಳಲ್ಲ. ಎಳೆತ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ ಬರುತ್ತಿಲ್ಲ; ಡೀಸೆಲ್ ಫಿಲ್ಟರು, ಟ್ಯಾಂಕಿನ ಕಸ ನೋಡಿ. ಎಳೆತ ಇಲ್ಲ, ಹೊಗೆ ಕಪ್ಪು ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಇಲ್ಲ ಅಥವಾ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತುದಿ, ಅಂದರೆ ನಾಝಲ್, ಸರಿಯಾಗಿ ಚಿಮ್ಮುತ್ತಿಲ್ಲ. ಎಳೆತ ಚೆನ್ನಾಗೇ ಇದೆ, ಹೊಗೆಯೂ ಕಪ್ಪು ಅಂದರೆ ಡೀಸೆಲ್ ಜಾಸ್ತಿ ಹೋಗಲಿ ಅಂತ ಯಾರೋ ಪಂಪಿನ ಸ್ಕ್ರೂ ತಿರುಗಿಸಿದ್ದಾರೆ. ಕಪ್ಪು ಹೊಗೆಗೆ ಡೀಸೆಲ್ ಫಿಲ್ಟರ್ ಬದಲಾಯಿಸಿ ಕೂತವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ ಹೊಗೆ ಕಮ್ಮಿಯಾಗಬೇಕೇ ಹೊರತು ಜಾಸ್ತಿ ಆಗಲ್ಲ.

ಈಗ ಗಾಳಿ. ರಾಗಿ ಒಕ್ಕಣೆ ಶುರುವಾದ ಮೇಲೆ ಮುಂಗಾರು ಬರುವವರೆಗೆ ನಮ್ಮ ಕೆಂಪು ಧೂಳು ಎಲ್ಲಿ ನುಗ್ಗುತ್ತೆ ಅಂತ ಹೇಳಬೇಕಾಗಿಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಧೂಳನ್ನು ಆಯಿಲ್ಲಿನಲ್ಲಿ ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್ ಇರುತ್ತೆ. ಕೆಳಗಿನ ಬಟ್ಟಲು ಬಿಚ್ಚಿ ಬೆರಳು ಅದ್ದಿ. ತಳದಲ್ಲಿ ರಾಗಿ ಅಂಬಲಿ ಥರ ಕೆಸರು ಕೂತಿದ್ದರೆ ಚೆಲ್ಲಿ, ಡೀಸೆಲಿನಲ್ಲಿ ತೊಳೆದು, ಒರೆಸಿ, ಗುರುತಿನವರೆಗೆ ಮಾತ್ರ ಹೊಸ ಎಂಜಿನ್ ಆಯಿಲ್ ಹಾಕಿ. ಒಕ್ಕಣೆ ದಿನಗಳಲ್ಲಿ ಇದನ್ನು ದಿನಾ ನೋಡಬೇಕು. 'ಇನ್ನೂ ಸ್ವಲ್ಪ ಇರಲಿ' ಅಂತ ಗುರುತು ದಾಟಿಸಬೇಡಿ. ಗಾಳಿಯ ದಾರಿ ಕಟ್ಟುತ್ತೆ, ಆಯಿಲ್ಲೂ ಎಂಜಿನ್ನೊಳಗೆ ಹೋಗುತ್ತೆ. ಜಾಸ್ತಿ ಹೋದರೆ ಎಂಜಿನ್ನು ಆ ಆಯಿಲನ್ನೇ ಕುಡಿದು, ಸ್ಟಾಪ್ ಎಳೆದರೂ ನಿಲ್ಲದೆ ಓಡುತ್ತೆ. ಬಟ್ಟಲಿನ ಮೇಲಿರುವ ತಂತಿ ಜಾಲರಿಯನ್ನೂ ತೊಳೆಯಿರಿ. ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟಿರಲ್ಲ.

ಒಣ ಫಿಲ್ಟರ್ ಇದ್ದರೆ ಅದನ್ನು ಟಯರಿಗೆ ಬಡಿಯುವುದನ್ನು ದಯವಿಟ್ಟು ಬಿಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪನ್ನು ಅಂಟಿಸಿ ಹಿಡಿದು ಊದುವುದನ್ನೂ ಬಿಡಿ, ಕಾಗದ ಹರಿಯುತ್ತೆ. ಗಾಳಿ 30 ಪಿಎಸ್‌ಐ ದಾಟಬಾರದು. ದೂರ ಹಿಡಿದು, ಒಳಗಿನಿಂದ ಹೊರಕ್ಕೆ ಊದಿ. ಆಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಫಿಲ್ಟರಿನ ಒಳಗಿಟ್ಟು ಹೊರಗಿನಿಂದ ನೋಡಿ. ಸುತ್ತಲೂ ಒಂದೇ ಸಮ ಮಂದ ಬೆಳಕು ಕಂಡರೆ ಸರಿ. ಎಲ್ಲಾದರೂ ನಕ್ಷತ್ರದ ಹಾಗೆ ಚುಕ್ಕಿ ಹೊಳೆದರೆ ಅಲ್ಲಿ ತೂತು, ಎಸೆಯಿರಿ. ಬೆಳಕೇ ಕಾಣದಿದ್ದರೂ ಎಸೆಯಿರಿ. ಒಳಗಿರುವ ಚಿಕ್ಕ ಫಿಲ್ಟರನ್ನು ಊದಿ ಮತ್ತೆ ಹಾಕುವಂತಿಲ್ಲ, ಅದನ್ನು ಬದಲಿಸಬೇಕು ಅಷ್ಟೇ.

ಟರ್ಬೊ ಇಲ್ಲದ ಗಾಡಿಯಾದರೆ, ಧೂಳಿಲ್ಲದ ಜಾಗದಲ್ಲಿ ಫಿಲ್ಟರ್ ತೆಗೆದಿಟ್ಟು ಒಂದು ನಿಮಿಷ ಓಡಿಸಿ ನೋಡಬಹುದು. ಹೊಗೆ ಇಳಿದರೆ ಕಳ್ಳ ಸಿಕ್ಕ. ಆದರೆ ಹೆಗಲ ಮೇಲಿನ ಟವೆಲು ತೆಗೆದಿಟ್ಟು ಬನ್ನಿ, ಗಾಳಿ ಎಳೆಯುವ ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿಯಬೇಡಿ. ಗಾಳಿಯ ಆ ಎಳೆತ ಎಷ್ಟು ಜೋರಿರುತ್ತೆ ಅಂತ ನೋಡದವರಿಗೆ ಗೊತ್ತಾಗಲ್ಲ. ಶೆಡ್ಡಿನ ಬಾಗಿಲು ಹಾಕಿಕೊಂಡು ಮಾತ್ರ ಎಂಜಿನ್ ಓಡಿಸಬೇಡಿ.

ಹುಡುಗನ ಹೊಲಕ್ಕೆ ಹೋದೆವಲ್ಲ. ಟೊಮೆಟೊ ನೆಡೋಕೆ ಅರ್ಧ ಎಕರೆಗೆ ಮಣ್ಣು ಪುಡಿ ಮಾಡುವ ರೊಟಾವೇಟರ್ ಹೊಡೆದು ಅಲ್ಲೇ ನಿಲ್ಲಿಸಿದ್ದ, ಪಂಪಿಲ್ಲದ ಗಾಡಿ ಹೊಟ್ಟೆ ಸೀಳಿದ ಹಾಗೆ ಕಾಣುತ್ತಿತ್ತು. ಫಿಲ್ಟರ್ ಅವನು ಹೇಳಿದಂತೆ ಹೊಸದೇ, ಟಾರ್ಚಿಗೆ ಚೆನ್ನಾಗಿ ಬೆಳಗಿತು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು ಹೊರಗಿನಿಂದ ಏನೂ ಆಗದ ಹಾಗಿತ್ತು. ಒತ್ತಿದರೆ ಒಂದು ಕಡೆ ಮೆತ್ತಗೆ ಅನ್ನಿಸಿತು. ಕ್ಲಿಪ್ಪು ಸಡಿಲಿಸಿ ಒಳಗೆ ಟಾರ್ಚ್ ಬಿಟ್ಟೆ. ಒಳಗಿನ ಪದರ ಎದ್ದು, ಎತ್ತಿನ ನಾಲಗೆ ಥರ ಜೋತು ಬಿದ್ದಿತ್ತು. ನಿಧಾನಕ್ಕೆ ಓಡುವಾಗ ಗಾಳಿ ಅದರ ಪಕ್ಕದಲ್ಲಿ ನುಸುಳುತ್ತೆ. ರೊಟಾವೇಟರ್ ನೆಲಕ್ಕೆ ಇಳಿದು ಎಂಜಿನ್ನು ಜೋರಾಗಿ ಗಾಳಿ ಎಳೆದಾಗ ಆ ನಾಲಗೆ ಎದ್ದು ದಾರಿ ಮುಚ್ಚುತ್ತೆ. ಮನೆ ಮುಂದೆ ನಿಂತಾಗ ಹೊಗೆ ಇಲ್ಲ, ಹೊಲದಲ್ಲಿ ಹೊಗೆ. ಅವನು ಪಂಪಿನ ಮೇಲೆ ಅನುಮಾನಪಟ್ಟದ್ದರಲ್ಲಿ ತಪ್ಪೇನಿಲ್ಲ ಬಿಡಿ. ಹೊಸ ಹೋಸಿಗೆ ನಾನೂರು ರೂಪಾಯಿ.

ಟರ್ಬೊ ಗಾಡಿಯಲ್ಲಿ ಹೋಸಿನ ಕಥೆ ಉಲ್ಟಾ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಕಡೆ ಗಾಳಿ ಒತ್ತಡದಲ್ಲಿರುತ್ತೆ, ಅಲ್ಲಿ ಸೀಳಿದರೆ ಗಾಳಿ ಹೊರಗೆ ಹೋಗುತ್ತೆ. ಲೋಡಿನಲ್ಲಿ ಸುಯ್ ಅನ್ನುವ ಸದ್ದು ಕೇಳಿ, ಜಾಯಿಂಟಿನಲ್ಲಿ ಜಿಡ್ಡಿಗೆ ಧೂಳು ಮೆತ್ತಿದ ಗುರುತು ಹುಡುಕಿ. ವಾಲ್ವು ತೆರೆಯುವ ಟ್ಯಾಪೆಟ್ಟಿನ ಸಂದು ತಪ್ಪಿದರೂ ಗಾಳಿ ಕಮ್ಮಿಯಾಗುತ್ತೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಕೊಟ್ಟ ಅಳತೆಗೇ ಇಡಿ, ಪಕ್ಕದ ಮನೆಯವರ ಗಾಡಿಯ ಅಳತೆಗಲ್ಲ.

ಗಾಳಿ ಸರಿ ಇದ್ದರೆ ಲೋಡು ನೋಡಿ. ಇದನ್ನು ಬೋಟಿನಲ್ಲಿ ಕಲಿತಷ್ಟು ಚೆನ್ನಾಗಿ ಟ್ರ್ಯಾಕ್ಟರಿನಲ್ಲಿ ಕಲಿಯೋಕಾಗಲ್ಲ. ಮಲ್ಪೆಯಲ್ಲಿ ಜೂನ್, ಜುಲೈ ಮೀನುಗಾರಿಕೆಗೆ ರಜೆ. ನೀರಲ್ಲೇ ನಿಂತ ಬೋಟಿನ ತಳಕ್ಕೂ ಪ್ರೊಪೆಲ್ಲರಿಗೂ ಸುಣ್ಣದ ಚಿಪ್ಪಿನ ಸಣ್ಣ ಜೀವಿಗಳು ಕಚ್ಚಿಕೊಳ್ಳುತ್ತವೆ, ಬಾರ್ನಕಲ್ ಅಂತಾರೆ. ತಳ ಕೆರೆಸದೆ ಆಗಸ್ಟಿನಲ್ಲಿ ಹೊರಟವನ ಬೋಟು ದಕ್ಕೆ, ಅಂದರೆ ಬೋಟು ಕಟ್ಟುವ ಕಟ್ಟೆ, ಬಿಡುವಾಗಲೇ ಕಪ್ಪು ಹೊಗೆ ಉಗುಳುತ್ತೆ. ಕೊಚ್ಚಿಯಲ್ಲಿ ಒಂದು ಹಾಯಿದೋಣಿ ಬಂದಿತ್ತು, ವಿದೇಶದ ಮುದುಕ ದಂಪತಿಯದ್ದು. ಹಾಯಿದೋಣಿಗೂ ಒಳಗೊಂದು ಪುಟ್ಟ ಡೀಸೆಲ್ ಎಂಜಿನ್ ಇರುತ್ತೆ, ಗಾಳಿ ಬೀಸದಾಗ, ಬಂದರಿನೊಳಗೆ ತಿರುಗಿಸುವಾಗ ಬೇಕಲ್ಲ. ಎರಡು ಬಂದರಿನಲ್ಲಿ ಎರಡು ಸಲ ನಾಝಲ್ ಬದಲಿಸಿದ್ದರಂತೆ, ಹೊಗೆ ಹೋಗಿರಲಿಲ್ಲ. ನ್ಯೂಟ್ರಲ್‌ನಲ್ಲಿ ಪೂರ್ತಿ ಒತ್ತಿದೆ. ಆರ್‌ಪಿಎಂ ಸಲೀಸಾಗಿ ಏರಿತು, ಹೊಗೆ ಇಲ್ಲ. ಗೇರಿಗೆ ಹಾಕಿ ಒತ್ತಿದೆ. ಏರಬೇಕಾದ್ದಕ್ಕಿಂತ ಐನೂರು ಆರ್‌ಪಿಎಂ ಕೆಳಗೇ ನಿಂತು ಕಪ್ಪಗೆ ಉಗುಳಿತು. ಎಂಜಿನ್ನಿಗೆ ಏನೂ ಆಗಿಲ್ಲ, ನೀರಿನೊಳಗೆ ಯಾರೋ ಹಿಡಿದುಕೊಂಡಿದ್ದಾರೆ ಅಂತ ಗೊತ್ತಾಯಿತು. ನನಗೆ ಈಜು ಬರಲ್ಲ. ಕೋಲಾರದವನಿಗೆ ಎಲ್ಲಿಂದ ಬರಬೇಕು, ನಾನು ಚಿಕ್ಕವನಿದ್ದಾಗ ಕೆರೆಯಲ್ಲಿ ನೀರಿಗಿಂತ ಜಾಲಿ ಗಿಡವೇ ಜಾಸ್ತಿ. ಅಲ್ಲಿನ ಹುಡುಗನೊಬ್ಬ ಮುಳುಗಿ ಒಂದು ಬೊಗಸೆ ಚಿಪ್ಪು ಕೆರೆದು ತಂದ, ಜೊತೆಗೆ ಪ್ರೊಪೆಲ್ಲರಿಗೆ ಸುತ್ತಿಕೊಂಡಿದ್ದ ಬಲೆಯ ಹಗ್ಗ. ಹೊಗೆ ಮುಕ್ಕಾಲು ಭಾಗ ನಿಂತಿತು.

ಉಳಿದ ಕಾಲು ಭಾಗ ಹೊಗೆ ಹೋಗುವ ದಾರಿಯಲ್ಲಿತ್ತು. ಬೋಟಿನ ಹೊಗೆ ಕೊಳವೆಗೆ ತಣ್ಣಗಾಗಲೆಂದು ಸಮುದ್ರದ ನೀರು ಬಿಡುತ್ತಾರೆ. ಆ ಬಾಗಿನಲ್ಲಿ ಮಸಿಯೂ ಉಪ್ಪೂ ಸೇರಿ ಗಟ್ಟಿಯಾಗಿ ತೂತು ಕಿರುಬೆರಳು ಹೋಗುವಷ್ಟಾಗಿತ್ತು. ಒಳಗಿನ ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಎಲ್ಲಿಗೆ ಬರಬೇಕು? ಟ್ರ್ಯಾಕ್ಟರಿನಲ್ಲೂ ಅಷ್ಟೆ. ಜಜ್ಜಿದ ಸೈಲೆನ್ಸರು, ಮಳೆ ನೀರು ಬೀಳದಿರಲಿ ಅಂತ ಬಾಯಿಗೆ ಬೋರಲು ಹಾಕಿ ಮರೆತ ಡಬ್ಬ, ಇವನ್ನೂ ಒಮ್ಮೆ ನೋಡಿ.

ಹೊಲದಲ್ಲಿ ಪ್ರೊಪೆಲ್ಲರ್ ಇಲ್ಲ, ಆಸೆ ಇದೆ. 35 ಎಚ್‌ಪಿ ಗಾಡಿಗೆ ಅಣ್ಣನ 50 ಎಚ್‌ಪಿ ಗಾಡಿಯ ರೊಟಾವೇಟರ್ ಕಟ್ಟುತ್ತಾರೆ. ಒಣಗಿದ ನೆಲದಲ್ಲಿ ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಸುತ್ತಾರೆ, ಅದೂ ಎತ್ತರದ ಗೇರಿನಲ್ಲಿ. ಎಂಜಿನ್ನು ಸೋಲುವಾಗ ಪಂಪಿನಲ್ಲಿ ವೇಗ ಕಾಯುವ ಗವರ್ನರು ಇನ್ನಷ್ಟು ಡೀಸೆಲ್ ಸುರಿಯುತ್ತೆ, ಗಾಳಿ ಮಾತ್ರ ಇದ್ದಷ್ಟೇ. ರೊಟಾವೇಟರ್ ಎತ್ತಿದ ಕೂಡಲೇ ಹೊಗೆ ನಿಂತರೆ ಒಂದು ಗೇರ್ ಇಳಿಸಿ, ಆಳ ಎರಡು ಬೆರಳು ಕಮ್ಮಿ ಮಾಡಿ ನೋಡಿ. ಗಾಡಿಯನ್ನು ತಳ್ಳಿ ಬ್ರೇಕು ಹಿಡಿದಿದೆಯಾ ಅಂತಲೂ ನೋಡಿಕೊಳ್ಳಿ.

ಇವೆಲ್ಲ ಮುಗಿದ ಮೇಲೆ ನಾಝಲ್. ಹಳೆಯ ಮಾದರಿಯ ಎಂಜಿನ್ನಿನಲ್ಲಿ ಯಾವ ಸಿಲಿಂಡರು ಅಂತ ಪತ್ತೆ ಮಾಡುವುದು ಸುಲಭ. 1200 ಆರ್‌ಪಿಎಂ ಸುಮಾರಿಗೆ ಓಡಲು ಬಿಟ್ಟು, ಇಂಜೆಕ್ಟರಿಗೆ ಬರುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತೆ, ಎಂಜಿನ್ ಸದ್ದು ಕುಂಟುತ್ತೆ. ಬಿಗಿ ಮಾಡಿ ಮುಂದಿನದಕ್ಕೆ ಹೋಗಿ. ಯಾವುದನ್ನು ಸಡಿಲಿಸಿದಾಗ ಹೊಗೆ ತಿಳಿಯಾಗುತ್ತೋ, ಅಥವಾ ಸದ್ದಿನಲ್ಲಿ ವ್ಯತ್ಯಾಸವೇ ಬರುವುದಿಲ್ಲವೋ, ಅಲ್ಲಿ ತೊಂದರೆ ಇದೆ.

ಕನ್ನಡಕ ಹಾಕಿಕೊಂಡೇ ಮಾಡಿ. ಸೋರುತ್ತಿದೆಯಾ ಅಂತ ಬೆರಳಿಟ್ಟು ನೋಡುವ ಅಭ್ಯಾಸ ನಮ್ಮವರಲ್ಲಿ ತುಂಬಾ. ಅಲ್ಲಿರುವುದು 200 ಬಾರ್ ಆಸುಪಾಸಿನ ಒತ್ತಡ. ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೊಳ್ಳೆ ಕಚ್ಚಿದಷ್ಟು ಗುರುತು, ಒಳಗೆ ಮಾಂಸ ಕೊಳೆಯೋಕೆ ಶುರು. ಹಾಗಾದರೆ ನೋವಿಲ್ಲದಿದ್ದರೂ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಂತೂ ಈ ನಟ್ಟು ಸಡಿಲಿಸುವ ಪರೀಕ್ಷೆ ಮಾಡಲೇಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. 2023ರಿಂದ ಹೊಸ ಮಾಲಿನ್ಯ ನಿಯಮ ಬಂದ ಮೇಲೆ 50 ಎಚ್‌ಪಿ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಲ್ಲಿ ಈ ಥರದ ಎಂಜಿನ್ನೇ ಜಾಸ್ತಿ. ಅದರಲ್ಲಿ ಲೈಟ್ ಉರಿದರೆ ಕಂಪ್ಯೂಟರ್ ಇರುವವರ ಹತ್ತಿರ ಹೋಗಿ, ನನ್ನ ಹತ್ತಿರ ಬರಬೇಡಿ.

ಬಿಚ್ಚಿದ ನಾಝಲನ್ನು ಟೆಸ್ಟರಿಗೆ ಹಾಕಿಸಿ, ಪಕ್ಕದಲ್ಲೇ ನಿಂತು ನೋಡಿ. ಚೆನ್ನಾಗಿರುವುದು ಕರ್ ಕರ್ ಅಂತ ಸದ್ದು ಮಾಡಿ ಮಂಜಿನ ಹಾಗೆ ಹರಡುತ್ತೆ. ಕೆಟ್ಟದ್ದು ಹಸುವಿನ ಕೆಚ್ಚಲಿಂದ ಹಾಲು ಕರೆದ ಹಾಗೆ ಧಾರೆ ಬಿಡುತ್ತೆ, ನಿಲ್ಲಿಸಿದ ಮೇಲೂ ತುದಿಯಲ್ಲಿ ತೊಟ್ಟಿಕ್ಕುತ್ತೆ. ವಾಪಸ್ಸು ಕೂರಿಸುವಾಗ ಹಳೆಯ ತಾಮ್ರದ ವಾಷರು ಗುಳಿಯಲ್ಲೇ ಉಳಿದಿದೆಯಾ ನೋಡಿ. ಅದರ ಮೇಲೆ ಇನ್ನೊಂದು ಹಾಕಿಬಿಟ್ಟರೆ ನಾಝಲ್ ಒಂದು ವಾಷರಿನಷ್ಟು ಮೇಲೆ ಕೂರುತ್ತೆ, ಡೀಸೆಲ್ ಪಿಸ್ಟನ್ನಿನ ಗುಳಿಗೆ ಬೀಳುವ ಬದಲು ಬೇರೆ ಕಡೆ ಬೀಳುತ್ತೆ. ಹೊಸ ನಾಝಲ್ ಹಾಕಿದ ಮೇಲೆ ಹೊಗೆ ಜಾಸ್ತಿ ಆಯಿತು ಅಂತ ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಒಮ್ಮೆ ಆ ತಪ್ಪು ಮಾಡಿದವನು ನಾನೇ. ಮಲ್ಪೆಯಲ್ಲಿ ಮೂರು ದಿನ ಬೈಸಿಕೊಂಡಿದ್ದೇನೆ.

ಕೊನೆಗೆ ಪಂಪು. ಮುಟ್ಟುವ ಮುಂಚೆ ಸ್ಕ್ರೂ ಮೇಲಿನ ಸೀಲು ನೋಡಿ. ತಂತಿ ಕಿತ್ತಿದ್ದರೆ ಯಾರೋ ಡೀಸೆಲ್ ಜಾಸ್ತಿ ಮಾಡಿದ್ದಾರೆ. ಕಪ್ಪು ಹೊಗೆ ಬಂದರೆ ಪವರ್ ಜಾಸ್ತಿ ಅಂತ ಈಗಿನ ಹುಡುಗರಿಗೆ ಒಂದು ಹುಚ್ಚು, ಟ್ರಾಲಿ ಎಳೆಯುವ ವಿಡಿಯೊ ನೋಡಿ ಕಲಿತದ್ದು. ಉರಿಯದೆ ಹೊರಗೆ ಹೋಗುವ ಡೀಸೆಲಿಗೂ ಬಂಕಿನಲ್ಲಿ ದುಡ್ಡು ಕೊಟ್ಟಿರುತ್ತೀರಿ. ಎಂಜಿನ್ನೂ ಬಿಸಿಯಾಗುತ್ತೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಮಸಿಯಲ್ಲಿ ಕೂತು ಓಡಿಸುವವನು ಮನೆ ಮಗನೇ.

ಪಂಪು ಬಿಚ್ಚಲೇಬೇಕಾಗಿ ಬಂದರೆ, ಬೋಲ್ಟ್ ಸಡಿಲಿಸುವ ಮುಂಚೆ ಪಂಪಿನ ಅಂಚಿಗೂ ಅದು ಕೂರುವ ಎಂಜಿನ್ ಭಾಗಕ್ಕೂ ಸೇರಿ ಚೂಪಾದ ಉಳಿಯಿಂದ ಒಂದು ಗೀಟು ಎಳೆಯಿರಿ. ಬೋಲ್ಟಿನ ತೂತು ಉದ್ದಕ್ಕೆ ಇರುವುದರಿಂದ ಪಂಪು ಆ ಕಡೆ ಈ ಕಡೆ ಸ್ವಲ್ಪ ತಿರುಗುತ್ತೆ, ಡೀಸೆಲ್ ಯಾವ ಕ್ಷಣಕ್ಕೆ ಚಿಮ್ಮಬೇಕು ಅನ್ನುವ ಟೈಮಿಂಗು ಅದರಿಂದಲೇ. ಒಳಗಿನ ಗೇರಿನ ಗುರುತುಗಳನ್ನೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಶ್ರೀನಿವಾಸಪುರದ ಹುಡುಗ ಗೀಟು ಎಳೆದಿರಲಿಲ್ಲ, ಫೋಟೊವೂ ಇಲ್ಲ. ಹೋಸು ಹಾಕೋಕೆ ಹತ್ತು ನಿಮಿಷ ಆಯಿತು. ಏನೂ ಕೆಡದೆ ಇದ್ದ ಆ ಪಂಪನ್ನು ಮತ್ತೆ ಟೈಮಿಂಗಿಗೆ ಕೂರಿಸಿ, ಪೈಪುಗಳ ಗಾಳಿ ತೆಗೆದು ಸ್ಟಾರ್ಟ್ ಮಾಡುವಷ್ಟರಲ್ಲಿ ಮೂರು ಗಂಟೆ ಹೋಯಿತು. ಅಷ್ಟರಲ್ಲಿ ಅವರಮ್ಮ ಹೊಲಕ್ಕೇ ಮುದ್ದೆ, ಹಿತಕಿದ ಅವರೆಬೇಳೆ ಸಾರು ತಂದಿದ್ದರು.